ಹಳೆಯ ಕಾರಿಗೆ ಬಿಡಿಭಾಗ ಹುಡುಕುವ ಬಗೆ, ಸವೆದದ್ದನ್ನು ಸರಿಪಡಿಸುವ ಬಗೆ

ಹದಿನೈದು, ಇಪ್ಪತ್ತು ವರ್ಷ ದಾಟಿದ ಕಾರನ್ನು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ "ಈ ಪಾರ್ಟು ಈಗ ಬರುತ್ತಿಲ್ಲ" ಎಂಬ ಉತ್ತರವನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ಕಾರಿನ ಕಥೆ ಮುಗಿಯಿತೆಂದು ಅದನ್ನು ಮೂಲೆಗೆ ತಳ್ಳುವವರು ಬಹಳ ಮಂದಿ. ಆದರೆ ಆ ಉತ್ತರದ ಅರ್ಥ ಬಹುತೇಕ ಸಲ ಇಷ್ಟೇ ಆಗಿರುತ್ತದೆ: ಆ ಕಾರಿನ ಹೆಸರು ಹೊತ್ತ ಡಬ್ಬಿಯಲ್ಲಿ ಆ ಭಾಗ ಈಗ ಮಾರಾಟಕ್ಕಿಲ್ಲ. ಕಾರು ಕಂಪನಿಗಳು ತಮ್ಮ ವಾಹನದ ಎಲ್ಲ ಭಾಗಗಳನ್ನೂ ತಾವೇ ತಯಾರಿಸುವುದಿಲ್ಲ; ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ಸ್ಪಾರ್ಕ್ ಪ್ಲಗ್, ರಿಲೇ, ಫಿಲ್ಟರ್ ಮೊದಲಾದವು ಬೇರೆ ತಯಾರಕರಿಂದ ಬರುತ್ತವೆ, ಮತ್ತು ಅವುಗಳಲ್ಲಿ ಎಷ್ಟೋ ಭಾಗಗಳು ಜಗತ್ತಿನಾದ್ಯಂತ ಒಪ್ಪಿತವಾದ ಅಳತೆಗಳಲ್ಲೇ ತಯಾರಾಗುತ್ತವೆ. ಕಾರಿನಲ್ಲಿ ಬೇಗ ಸವೆಯುವುದೂ ಹೆಚ್ಚಾಗಿ ಇವೇ. ಹಾಗಾಗಿ ಕಾರಿನ ಹೆಸರು ಹಿಡಿದು ಹುಡುಕುವಾಗ ಸಿಗದ ವಸ್ತು, ಅದರ ಸಂಖ್ಯೆಯನ್ನೂ ಅಳತೆಯನ್ನೂ ಹಿಡಿದು ಹುಡುಕಿದರೆ ಸಿಗುವ ಸಾಧ್ಯತೆ ತುಂಬ ಹೆಚ್ಚು. ಈ ಲೇಖನದಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ.

ಹುಡುಕಾಟಕ್ಕೆ ಹೊರಡುವ ಮೊದಲು ಕೆಟ್ಟಿರುವುದು ಯಾವ ಭಾಗ ಎಂಬುದು ಖಚಿತವಾಗಬೇಕು. ಅಂದಾಜಿನ ಮೇಲೆ ಒಂದಾದ ಮೇಲೊಂದು ಭಾಗ ಬದಲಾಯಿಸುತ್ತ ಹೋಗುವುದು ಹೊಸ ಕಾರಿನಲ್ಲಿ ಹಣದ ವ್ಯರ್ಥವಾದರೆ, ಹಳೆಯ ಕಾರಿನಲ್ಲಿ ಇನ್ನೂ ಚೆನ್ನಾಗಿದ್ದ ಮೂಲ ಭಾಗವನ್ನೇ ಕಳೆದುಕೊಂಡಂತೆ. ಉದಾಹರಣೆಗೆ, ಚಕ್ರದ ಕಡೆಯಿಂದ ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು ಬೇರಿಂಗಿನದ್ದೂ ಆಗಿರಬಹುದು, ಅಡ್ಡಾದಿಡ್ಡಿ ಸವೆದ ಟಯರಿನದ್ದೂ ಆಗಿರಬಹುದು. ನೇರ ರಸ್ತೆಯಲ್ಲಿ ಹೋಗುತ್ತ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದಾಗ ಭಾರವು ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾಗಿ, ಬಲಕ್ಕೆ ತಿರುಗಿಸಿದಾಗ ಕಡಿಮೆಯಾದರೆ ಬಲಗಡೆಯ ಬೇರಿಂಗನ್ನು ಸಂಶಯಿಸಬೇಕು. ಸದ್ದು ಬದಲಾಗದೆ ಹಾಗೆಯೇ ಇದ್ದರೆ ಮೊದಲು ಟಯರನ್ನು ನೋಡಬೇಕು. ಅದೇ ರೀತಿ, ಕಾರನ್ನು ಜಾಕ್ ಹಾಕಿ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿದ ನಂತರ ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ದೋಷ ಬೇರಿಂಗ್ ಅಥವಾ ಬಾಲ್ ಜಾಯಿಂಟಿನಲ್ಲಿರುತ್ತದೆ. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟೀರಿಂಗಿನ ಟೈ ರಾಡ್ ಕಡೆಗೆ ಗಮನ ಹೋಗಬೇಕು.

ದೋಷ ಗೊತ್ತಾದ ಮೇಲೆ ಕಾರಿನ ಗುರುತು ಬೇಕು. ಮಾಡೆಲ್ ಹೆಸರು ಮತ್ತು ವರ್ಷ ಮಾತ್ರ ಹೇಳಿದರೆ ಸಾಲದು, ಏಕೆಂದರೆ ಕಂಪನಿಗಳು ವರ್ಷದ ನಡುವೆಯೇ ಬ್ರೇಕು, ಗೇರ್ ಬಾಕ್ಸು, ವೈರಿಂಗ್‌ಗಳನ್ನು ಬದಲಾಯಿಸಿರುತ್ತವೆ. ಅಂತಹ ಬದಲಾವಣೆಯನ್ನು ಬಿಡಿಭಾಗಗಳ ಕ್ಯಾಟಲಾಗಿನಲ್ಲಿ "ಇಂಥ ಚಾಸಿಸ್ ನಂಬರಿನಿಂದ ಮುಂದಕ್ಕೆ" ಎಂಬಂತೆ ದಾಖಲಿಸಿರುತ್ತಾರೆ. 1980ರ ದಶಕದಿಂದೀಚಿನ ಬಹುತೇಕ ಕಾರುಗಳ ಚಾಸಿಸ್ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಎಂಬ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಆದ್ದರಿಂದ ಮಾಸಿದ ಫಲಕದ ಮೇಲೆ 'ಒ' ಇದ್ದಂತೆ ಕಂಡರೆ ಅದು ಸೊನ್ನೆಯೇ. ಈ ನಂಬರು, ಎಂಜಿನ್ ನಂಬರು ಮತ್ತು ಬಾಗಿಲಿನ ಕಂಬದ ಮೇಲೋ ಎಂಜಿನ್ ಕೋಣೆಯಲ್ಲೋ ಇರುವ ತಯಾರಿಕಾ ಫಲಕದ ಚಿತ್ರ ಕೈಯಲ್ಲಿದ್ದರೆ ಕ್ಯಾಟಲಾಗಿನಿಂದ ಸರಿಯಾದ ಪಾರ್ಟ್ ನಂಬರನ್ನು ತೆಗೆಯಬಹುದು. ಆ ನಂಬರಿಗೆ "ಇಲ್ಲ" ಎಂಬ ಉತ್ತರ ಬಂದಾಗಲೂ ಒಂದು ಪ್ರಶ್ನೆ ಉಳಿದಿರುತ್ತದೆ: ಅದರ ಬದಲಿಗೆ ಹೊಸ ನಂಬರು ಬಂದಿದೆಯೇ? ಒಂದೇ ಭಾಗ ಕಾಲಕಾಲಕ್ಕೆ ಸುಧಾರಿಸುತ್ತ ಮೂರು ನಾಲ್ಕು ನಂಬರುಗಳನ್ನು ದಾಟಿ ಬಂದಿರುವುದುಂಟು, ಮತ್ತು ಹಳೆಯ ನಂಬರಿನಲ್ಲಿ ಹುಡುಕಿದವರಿಗೆ ಅದು ಕಾಣುವುದೇ ಇಲ್ಲ.

ಬೇರಿಂಗಿನ ಮೇಲೆ ಬರೆದಿರುವುದು

ಸಂಖ್ಯೆ ಓದುವುದೆಂದರೆ ಏನೆಂಬುದಕ್ಕೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೇರಿಂಗಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಿರ್ರೆನ್ನುವ ಆಲ್ಟರ್ನೇಟರನ್ನು ಬಿಚ್ಚಿ, ಬೇರಿಂಗಿನ ಅಂಚನ್ನು ಬಟ್ಟೆಯಿಂದ ಒರೆಸಿ ನೋಡಿದರೆ 6203-2ಆರ್‌ಎಸ್ ಎಂಬಂತಹ ಬರಹ ಕಾಣುತ್ತದೆ. ಮೊದಲ ಅಂಕಿ 6 ಎಂದರೆ ಒಂದು ಸಾಲು ಗುಂಡುಗಳಿರುವ ಸಾಮಾನ್ಯ ಬಾಲ್ ಬೇರಿಂಗ್. ಎರಡನೆಯ ಅಂಕಿ ಅದರ ಗಾತ್ರದ ಸರಣಿ. ಕೊನೆಯ ಎರಡು ಅಂಕಿಗಳು ಒಳರಂಧ್ರದ ವ್ಯಾಸವನ್ನು ಹೇಳುತ್ತವೆ: 00 ಎಂದರೆ 10 ಮಿ.ಮೀ., 01 ಎಂದರೆ 12, 02 ಎಂದರೆ 15, 03 ಎಂದರೆ 17. 04ರಿಂದ ಮುಂದಕ್ಕೆ ಸಾಮಾನ್ಯ ಗಾತ್ರಗಳಲ್ಲಿ ಆ ಅಂಕಿಯನ್ನು ಐದರಿಂದ ಗುಣಿಸಿದರೆ ಸಾಕು. ಹೀಗೆ 6203ರ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿ.ಮೀ.; 6204ಕ್ಕೆ ಇವೇ ಅಳತೆಗಳು 20, 47 ಮತ್ತು 14. ಕೊನೆಯಲ್ಲಿರುವ 2ಆರ್‌ಎಸ್ ಎರಡೂ ಬದಿಗೆ ರಬ್ಬರ್ ಮುಚ್ಚಳವಿದೆ ಎಂಬುದನ್ನು ಸೂಚಿಸಿದರೆ, ಝಡ್‌ಝಡ್ ಎಂದಿದ್ದಲ್ಲಿ ತಗಡಿನ ಮುಚ್ಚಳವಿರುತ್ತದೆ. ಜೊತೆಗೆ ಸಿ3 ಎಂದಿದ್ದರೆ ಗುಂಡು ಮತ್ತು ರೇಸಿನ (ಗುಂಡುಗಳು ಉರುಳುವ ಉಕ್ಕಿನ ಬಳೆ) ನಡುವೆ ಸಾಮಾನ್ಯಕ್ಕಿಂತ ಹೆಚ್ಚು ಸಡಿಲ ಬಿಟ್ಟಿದ್ದಾರೆ ಎಂದರ್ಥ. ಬಿಸಿಯಾಗಿ ಹಿಗ್ಗುವ ಜಾಗಗಳಿಗೆ ಇದನ್ನು ಬಳಸುವುದರಿಂದ ಈ ಚಿಕ್ಕ ಬರಹವನ್ನು ಕಡೆಗಣಿಸಬಾರದು. ಇಷ್ಟು ಓದಿಕೊಂಡವರಿಗೆ ಆ ಕಾರು ಯಾವ ಕಂಪನಿಯದ್ದು, ಎಷ್ಟು ಹಳೆಯದು ಎಂಬುದು ಈ ಬೇರಿಂಗಿನ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಕೈಗಾರಿಕೆಗೆ ಬೇರಿಂಗ್ ಮಾರುವ ಯಾವ ಅಂಗಡಿಯಲ್ಲೂ ಅದು ಸಿಗುತ್ತದೆ.

ಆಯಿಲ್ ಸೀಲ್‌ಗಳ ಮೇಲೂ ಹೀಗೆಯೇ ಮೂರು ಸಂಖ್ಯೆಗಳಿರುತ್ತವೆ. 35×52×7 ಎಂದಿದ್ದರೆ ಶಾಫ್ಟಿನ ವ್ಯಾಸ 35, ಸೀಲ್ ಕೂರುವ ರಂಧ್ರ 52, ದಪ್ಪ 7 ಮಿ.ಮೀ. ಎಂದು ತಿಳಿಯಬೇಕು. ಎಂಜಿನ್ನಿನ ಮುಂಭಾಗದ ಪಟ್ಟಿ ಬೆಲ್ಟಿನ ಮೇಲೆ 6ಪಿಕೆ1230 ಎಂದಿದ್ದರೆ ಅದರಲ್ಲಿ ಆರು ಏಣುಗಳಿವೆ, ಉದ್ದ 1230 ಮಿ.ಮೀ. ಎಂದರ್ಥ. ಬೋಲ್ಟಿನ ತಲೆಯ ಮೇಲಿರುವ 8.8 ಅಥವಾ 10.9 ಎಂಬುದು ಅದರ ಬಲದ ದರ್ಜೆ. 10.9 ದರ್ಜೆಯ ಬೋಲ್ಟ್ ಇದ್ದ ಕಡೆ ಅದೇ ಗಾತ್ರದ 8.8 ಹಾಕಿದರೆ ಮೇಲ್ನೋಟಕ್ಕೆ ಏನೂ ವ್ಯತ್ಯಾಸ ಕಾಣದಿದ್ದರೂ ಬಲ ಕಡಿಮೆಯಾಗಿರುತ್ತದೆ. ಸಸ್ಪೆನ್ಷನ್, ಬ್ರೇಕು ಮತ್ತು ಸ್ಟೀರಿಂಗಿನಲ್ಲಿ ಹಾಗೆ ಮಾಡುವುದು ಅಪಾಯ.

ಅಳತೆ ಹೊಂದಿದರೆ ಎಲ್ಲವೂ ಹೊಂದಿತೆಂದು ತಿಳಿಯಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಖ್ಯವಾಗಿ ರಬ್ಬರಿನಲ್ಲಿ ಜಾತಿಗಳಿವೆ. ಎಂಜಿನ್ ಆಯಿಲನ್ನು ತಾಳುವುದು ನೈಟ್ರೈಲ್ ರಬ್ಬರು. ಹೆಚ್ಚು ಬಿಸಿ ಇರುವಲ್ಲಿ ವಿಟಾನ್ ಎಂಬ ಹೆಸರಿನಲ್ಲಿ ಪರಿಚಿತವಾದ ಫ್ಲೋರೋ ರಬ್ಬರು ಬೇಕು. ಸಾಮಾನ್ಯ ಬ್ರೇಕ್ ಆಯಿಲ್ ಬಳಸುವ ಬ್ರೇಕಿನ ಸೀಲುಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಅವಕ್ಕೆ ಖನಿಜ ಎಣ್ಣೆ ಅಥವಾ ಗ್ರೀಸು ಸೋಕಿದರೆ ಉಬ್ಬಿ ಹಾಳಾಗುತ್ತವೆ. ಬ್ರೇಕ್ ಸಿಲಿಂಡರನ್ನು ಪೆಟ್ರೋಲಿನಿಂದ ತೊಳೆದು ಗ್ರೀಸು ಹಚ್ಚಿ ಜೋಡಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ, ಮತ್ತು ಹೊಸ ಸೀಲ್ ಕಿಟ್ ಹಾಕಿದರೂ ಕೆಲವೇ ದಿನಗಳಲ್ಲಿ ಬ್ರೇಕು ಹಿಡಿದುಕೊಳ್ಳುವುದಕ್ಕೆ ಅದು ಸಾಕಾದ ಕಾರಣ. ಹಳೆಯ ಕಾರಿನ ಪೆಟ್ರೋಲ್ ಪೈಪುಗಳನ್ನು ಬದಲಾಯಿಸುವಾಗಲೂ ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವ ದರ್ಜೆಯದ್ದನ್ನೇ ಕೇಳಿ ತರಬೇಕು. ಎಥನಾಲ್ ಬಳಕೆಗೆ ಬರುವ ಮೊದಲಿನ ರಬ್ಬರು ಅದರಿಂದ ಮೆದುವಾಗಿ ಬಿರುಕು ಬಿಡುತ್ತದೆ, ಸೋರಿದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯೇ.

ಒಡಹುಟ್ಟಿದ ಕಾರುಗಳು, ಹಳೆಯ ಭಾಗಗಳು

ಆ ಕಾರಿಗೇ ವಿಶಿಷ್ಟವಾದ ಭಾಗಗಳಿಗೆ ಬೇರೆ ದಾರಿ ಬೇಕು. ಒಂದೇ ಅಡಿಪಾಯದ ಮೇಲೆ ಹಲವು ಕಾರುಗಳು, ಕೆಲವೊಮ್ಮೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ, ತಯಾರಾಗಿರುತ್ತವೆ. ಒಂದೇ ಎಂಜಿನ್ ದಶಕಗಳ ಕಾಲ ಹಲವು ಮಾಡೆಲ್‌ಗಳಲ್ಲಿ ಮುಂದುವರಿದಿರುತ್ತದೆ. ತಮ್ಮ ಕಾರಿನ ಇಂತಹ ಒಡಹುಟ್ಟುಗಳು ಯಾವುವು ಎಂದು ತಿಳಿದವರಿಗೆ ಹುಡುಕುವ ಜಾಗ ಹಲವು ಪಟ್ಟು ದೊಡ್ಡದಾಗುತ್ತದೆ. ಆದರೆ ಹೋಲಿಕೆಯನ್ನು ನಂಬಿ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಇಟಲಿಯ ಫಿಯಟ್ 124 ಕಾರನ್ನು ಆಧರಿಸಿ ಸೋವಿಯತ್ ಒಕ್ಕೂಟದಲ್ಲಿ 1970ರಲ್ಲಿ ತಯಾರಿಕೆ ಶುರುವಾದ ವಾಜ್-2101 ಹೊರಗಿನಿಂದ ಅದರ ಪಡಿಯಚ್ಚಿನಂತೆಯೇ ಕಂಡರೂ, ಅಲ್ಲಿನ ಕೆಟ್ಟ ರಸ್ತೆಗಳಿಗೆಂದು ಹಿಂಬದಿಯ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಬ್ರೇಕ್ ಕೊಟ್ಟರು, ಎಂಜಿನ್ನಿನ ವಿನ್ಯಾಸವನ್ನೇ ಬದಲಿಸಿದರು. ಒಂದೇ ಹೆಸರಿನ ಕಾರಿನೊಳಗೂ ಇಂತಹ ವ್ಯತ್ಯಾಸವಿರುತ್ತದೆ. 2003ರವರೆಗೆ ತಯಾರಾಗಿ ಎರಡು ಕೋಟಿ ಹತ್ತು ಲಕ್ಷ ದಾಟಿದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಇಂದಿಗೂ ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ, ಆದರೆ 1960ರ ದಶಕದ ಉತ್ತರಾರ್ಧದಲ್ಲಿ ಅದು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾದದ್ದನ್ನು ಗಮನಿಸದೆ ತಂದ ವಿದ್ಯುತ್ ಭಾಗ ಕೆಲಸಕ್ಕೆ ಬಾರದು. ಹಳೆಯ ಭಾಗವನ್ನು ಬಿಚ್ಚಿ ಜೊತೆಗೊಯ್ದು, ಬೋಲ್ಟಿನ ರಂಧ್ರಗಳ ಅಂತರ, ಹಲ್ಲುಗಳ ಸಂಖ್ಯೆ, ವೈರಿನ ಪ್ಲಗ್ಗಿನ ಆಕಾರ ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಸಮನಾದ ಪರೀಕ್ಷೆ ಇಲ್ಲ.

ಕೆಲವು ಕಂಪನಿಗಳು ತಮ್ಮ ಹಳೆಯ ಕಾರುಗಳ ಭಾಗಗಳನ್ನು ಮತ್ತೆ ತಯಾರಿಸತೊಡಗಿವೆ. ಪೋರ್ಷೆ ಕಂಪನಿ 2018ರಲ್ಲಿ, ಬಹಳ ಕಡಿಮೆ ಸಂಖ್ಯೆಯಲ್ಲಿ ತಯಾರಾಗಿದ್ದ ತನ್ನ 959 ಕಾರಿನ ಕ್ಲಚ್ ಲಿವರನ್ನು ಲೋಹದ ಪುಡಿಯಿಂದ ಪದರ ಪದರವಾಗಿ ಮುದ್ರಿಸಿ ಕೊಡುತ್ತಿರುವುದನ್ನು ಪ್ರಕಟಿಸಿತು. ಸಾಮಾನ್ಯ ಕಾರುಗಳವರಿಗೆ ಇಂತಹ ಭಾಗ್ಯ ಅಪರೂಪ. ಅವರಿಗೆ ಉಳಿಯುವುದು ಹೊರಗಿನ ತಯಾರಕರ ಭಾಗ ಇಲ್ಲವೇ ಗುಜರಿಗೆ ಹೋದ ಕಾರಿನಿಂದ ತೆಗೆದ ಭಾಗ. ಬಾಗಿಲು, ಬಾನೆಟ್ಟು, ಗಾಜು, ದೀಪ, ಒಳಗಿನ ಸ್ವಿಚ್ಚು ಮತ್ತು ಹಿಡಿಗಳು, ಸೀಟು, ಎರಕದ ದೊಡ್ಡ ಕವಚಗಳು ಇವನ್ನು ಗುಜರಿಯಿಂದ ತರುವುದರಲ್ಲಿ ತಪ್ಪಿಲ್ಲ. ಹಲವು ಸಲ ಹೊಸದಾಗಿ ತಯಾರಾದ ಅಗ್ಗದ ತಗಡಿಗಿಂತ ಆ ಕಾಲದ ಮೂಲ ಬಾಗಿಲೇ ಚೆನ್ನಾಗಿ ಕೂರುತ್ತದೆ. ಬ್ರೇಕಿನ ಪೈಪು, ಪ್ಯಾಡು, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಇವನ್ನು ಮಾತ್ರ ಹಳೆಯದಾಗಿ ಕೊಳ್ಳಲೇಬಾರದು, ಏಕೆಂದರೆ ಅವುಗಳ ಒಳಗಿನ ಸ್ಥಿತಿ ಹೊರಗಿನಿಂದ ಕಾಣುವುದಿಲ್ಲ, ಮತ್ತು ಅವು ಕೈಕೊಟ್ಟಾಗ ಎಚ್ಚರಿಕೆ ಸಿಗುವಷ್ಟು ಸಮಯವೂ ಇರುವುದಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ "ಹೊಸ" ರಬ್ಬರಿನ ಭಾಗವನ್ನೂ ಇದೇ ಸಾಲಿಗೆ ಸೇರಿಸಬೇಕು. ಡಬ್ಬಿ ಒಡೆಯದಿದ್ದರೂ ರಬ್ಬರಿನ ವಯಸ್ಸು ನಿಲ್ಲುವುದಿಲ್ಲ; ಬಗ್ಗಿಸಿ ನೋಡಿದಾಗ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡರೆ ಹಿಂದಿರುಗಿಸುವುದು ಒಳ್ಳೆಯದು.

ನಕಲಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹೆಸರಾಂತ ತಯಾರಕರ ಡಬ್ಬಿಯಲ್ಲಿ ನಕಲಿ ಬರುವುದು ಹೆಚ್ಚಾಗಿ ಬೇಗ ಖರ್ಚಾಗುವ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬೇರಿಂಗ್ ಮತ್ತು ಬ್ರೇಕ್ ಪ್ಯಾಡುಗಳಲ್ಲಿ. ಮಸುಕಾದ ಮುದ್ರಣ, ಡಬ್ಬಿಯ ಮೇಲಿನ ಸಂಖ್ಯೆಗೂ ಭಾಗದ ಮೇಲಿನ ಸಂಖ್ಯೆಗೂ ಹೊಂದಾಣಿಕೆ ಇಲ್ಲದಿರುವುದು, ಒರಟಾದ ಅಂಚು, ನಂಬಲಾಗದಷ್ಟು ಕಡಿಮೆ ಬೆಲೆ ಇವು ಸಂಶಯಕ್ಕೆ ಸಾಕಾದ ಕಾರಣಗಳು.

ಬದಲಾಯಿಸದೆ ಸರಿಪಡಿಸುವುದು

ಹಳೆಯ ಕಾರಿನ ಒಂದು ದೊಡ್ಡ ಅನುಕೂಲವೆಂದರೆ ಅದರ ಬಹಳಷ್ಟು ಭಾಗಗಳನ್ನು ಬಿಚ್ಚಿ ಒಳಗೆ ಸವೆದದ್ದನ್ನು ಮಾತ್ರ ಬದಲಾಯಿಸಬಹುದು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವೆಂದರೆ ಹಲವು ಸಲ ಒಳಗಿನ ಎರಡು ಕಾರ್ಬನ್ ಬ್ರಷ್‌ಗಳು ಸವೆದಿರುತ್ತವೆ, ಅಷ್ಟೆ. ಸೆಲ್ಫ್ ಮೋಟರ್ ತಿರುಗದೆ ಬರೀ 'ಟಕ್' ಎನ್ನುತ್ತಿದ್ದು, ಬ್ಯಾಟರಿ ಮತ್ತು ವೈರುಗಳು ಸರಿಯಿದ್ದರೆ, ಸೊಲೆನಾಯ್ಡಿನೊಳಗಿನ ತಾಮ್ರದ ಸಂಪರ್ಕಗಳು ಸುಟ್ಟಿರುವ ಸಾಧ್ಯತೆ ಹೆಚ್ಚು. ಬ್ರೇಕ್ ಕ್ಯಾಲಿಪರಿಗೆ ಸೀಲ್ ಕಿಟ್ ಸಿಕ್ಕರೆ, ಪಿಸ್ಟನ್ನಿನ ಮೇಲೆ ತುಕ್ಕಿನ ಗುಳಿಗಳಿಲ್ಲದಿದ್ದರೆ, ಇಡೀ ಕ್ಯಾಲಿಪರ್ ಕೊಳ್ಳಬೇಕಿಲ್ಲ. 1980–90ರ ದಶಕದ ಎಂಜಿನ್ ಕಂಪ್ಯೂಟರುಗಳಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ವಯಸ್ಸಾದಂತೆ ಸೋರಿ, ಹಲಗೆಯ ತಾಮ್ರದ ಗೆರೆಗಳನ್ನು ತಿನ್ನುತ್ತವೆ, ಟಿ.ವಿ. ರಿಪೇರಿ ಬಲ್ಲವರು ಅವನ್ನು ಬದಲಾಯಿಸಿ ಎಷ್ಟೋ ಕಂಪ್ಯೂಟರುಗಳನ್ನು ಉಳಿಸಿದ್ದಾರೆ. ಆಯಿಲ್ ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಶಾಫ್ಟಿನ ಮೇಲೆ ತೋಡು ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದು. ಅಲ್ಲಿ ಹೊಸ ಶಾಫ್ಟ್ ಹುಡುಕುವ ಮೊದಲು, ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಹಿಂದೆ ಮುಂದೆ ಕೂರಿಸಿ ತುಟಿಯನ್ನು ಸವೆಯದ ಮೇಲ್ಮೈಗೆ ತರಬಹುದು. ಇಲ್ಲವೇ ಅದಕ್ಕೆಂದೇ ದೊರೆಯುವ, ಅರ್ಧ ಮಿ.ಮೀ.ಗಿಂತ ತೆಳುವಾದ ಉಕ್ಕಿನ ಕೊಳವೆಯನ್ನು (ಸ್ಲೀವ್) ಶಾಫ್ಟಿಗೆ ತೊಡಿಸಬಹುದು.

ವಿದ್ಯುತ್ ದೋಷಗಳಲ್ಲಿ ಯಾವ ಭಾಗವನ್ನೂ ಕೊಳ್ಳುವ ಮೊದಲು ಮಾಡಲೇಬೇಕಾದ ಒಂದು ಪರೀಕ್ಷೆಯಿದೆ. ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್ ತುದಿಗೆ ಹೋಗುವ ಅರ್ಥ್ ದಾರಿ ತುಕ್ಕಿನಿಂದ ಕೆಟ್ಟರೆ ಮಂಕು ದೀಪ, ನಿಧಾನ ಸೆಲ್ಫ್, ತಪ್ಪು ತೋರಿಸುವ ಮೀಟರು ಹೀಗೆ ನಾನಾ ರೂಪದಲ್ಲಿ ಕಾಡುತ್ತದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು, ಬೇರೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಮೀಟರು 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ದಾರಿ ಸರಿಯಿದೆ. ಅರ್ಧ ವೋಲ್ಟ್ ಮೀರಿದರೆ ಅರ್ಥ್ ವೈರನ್ನು ಬಿಚ್ಚಿ ಎರಡೂ ತುದಿ ಉಜ್ಜಿ ಹೊಳಪು ತಂದು ಬಿಗಿಯುವುದೇ ರಿಪೇರಿ.

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಬದಲಾಯಿಸುವಾಗ ಆಗುವ ಒಂದು ತಪ್ಪನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಬುಷ್ ಹಾಕಿದರೂ ಬೇಗ ಹರಿದುಹೋಯಿತೆಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಹೆಚ್ಚಿನ ಬುಷ್‌ಗಳಲ್ಲಿ ಒಳಗಿನ ಮತ್ತು ಹೊರಗಿನ ಉಕ್ಕಿನ ಕೊಳವೆಗಳಿಗೆ ರಬ್ಬರು ಅಂಟಿಕೊಂಡಿರುತ್ತದೆ. ಬೋಲ್ಟನ್ನು ಬಿಗಿದಾಗ ಒಳಕೊಳವೆ ಚಾಸಿಸ್ಸಿಗೆ ಕಚ್ಚಿ ನಿಲ್ಲುತ್ತದೆ. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ತೋಳು ಮೇಲೆ ಕೆಳಗೆ ಆಡುವಾಗ ತಿರುಚುವುದು ರಬ್ಬರು ಮಾತ್ರ. ಕಾರು ಜಾಕಿನ ಮೇಲಿದ್ದು ಚಕ್ರ ನೇತಾಡುತ್ತಿರುವಾಗ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರನ್ನು ನೆಲಕ್ಕಿಳಿಸಿದ ಕ್ಷಣವೇ ರಬ್ಬರು ಬಹಳಷ್ಟು ತಿರುಚಿಕೊಂಡು ನಿಂತಲ್ಲೇ ಎಳೆತದಲ್ಲಿರುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಅದು ಇನ್ನಷ್ಟು ತಿರುಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟನ್ನು ಕೈಬಿಗಿಯಷ್ಟೇ ಹಾಕಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಯುವುದು ಸರಿಯಾದ ಕ್ರಮ. ಬೇರಿಂಗ್ ಕೂರಿಸುವಾಗಲೂ ಇಂತಹದೇ ಒಂದು ಎಚ್ಚರ ಬೇಕು: ಹೊರರೇಸನ್ನು ರಂಧ್ರಕ್ಕೆ ಒತ್ತುವಾಗ ಬಲ ಹೊರರೇಸಿನ ಮೇಲೆ, ಒಳರೇಸನ್ನು ಶಾಫ್ಟಿಗೆ ಏರಿಸುವಾಗ ಒಳರೇಸಿನ ಮೇಲೆಯೇ ಬೀಳಬೇಕು. ಗುಂಡುಗಳ ಮೂಲಕ ಬಲ ಹಾದರೆ ರೇಸಿನಲ್ಲಿ ಕಣ್ಣಿಗೆ ಕಾಣದ ಗುಳಿಗಳು ಮೂಡಿ ಹೊಸ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ತುಕ್ಕು ಹಿಡಿದ ಬೋಲ್ಟುಗಳಿಗೆ ಅವಸರ ಸಲ್ಲದು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ, ಬೆಳಿಗ್ಗೆ ತಂತಿಯ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ಒಮ್ಮೆ ಬಿಗಿಯುವ ಕಡೆಗೆ ತುಸು ಅಲ್ಲಾಡಿಸಿ ನಂತರ ಬಿಚ್ಚುವ ಕಡೆಗೆ ತಿರುಗಿಸಬೇಕು. ಅಲ್ಯೂಮಿನಿಯಂ ರಂಧ್ರದ ಥ್ರೆಡ್ ಕಿತ್ತುಹೋದರೆ ಇಡೀ ಭಾಗ ಎಸೆಯಬೇಕಿಲ್ಲ. ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿ ಉಕ್ಕಿನ ಸುರುಳಿ ಥ್ರೆಡ್ ಕೂರಿಸಿದರೆ ಅದು ಮೂಲಕ್ಕಿಂತ ಗಟ್ಟಿಯಾಗುವುದೂ ಉಂಟು.

ಯಾವ ಭಾಗವೂ ಕಾರಣವಿಲ್ಲದೆ ಬೇಗ ಸವೆಯುವುದಿಲ್ಲ, ಆ ಕಾರಣವನ್ನು ಹಾಗೆಯೇ ಬಿಟ್ಟರೆ ಕಷ್ಟಪಟ್ಟು ಹುಡುಕಿ ತಂದ ಭಾಗವೂ ಅದೇ ಗತಿ ಕಾಣುತ್ತದೆ. ಕ್ಲಚ್ ಪ್ಲೇಟ್ ಜಾರುತ್ತಿದ್ದರೆ ಎಂಜಿನ್ನಿನ ಹಿಂಬದಿಯ ಸೀಲಿನಿಂದ ಆಯಿಲ್ ಅದರ ಮೇಲೆ ಬೀಳುತ್ತಿದೆಯೇ ಎಂದು ನೋಡಬೇಕು. ಸೀಲುಗಳು ಒಂದರ ಹಿಂದೊಂದು ಸೋರತೊಡಗಿದರೆ ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡು ಒಳಗೆ ಒತ್ತಡ ಏರಿರಬಹುದು. ವಾಟರ್ ಪಂಪಿನ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ ಬೆಲ್ಟ್ ಅತಿ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಟಯರಿನ ಒಳಅಂಚು ಮಾತ್ರ ಸವೆಯುತ್ತಿದ್ದರೆ ಹೊಸ ಟಯರಿಗಿಂತ ಮೊದಲು ಬುಷ್ ಮತ್ತು ಬಾಲ್ ಜಾಯಿಂಟ್‌ಗಳನ್ನು ನೋಡಬೇಕು.

ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದವರು ಬ್ರೇಕು, ಸ್ಟೀರಿಂಗ್ ಮತ್ತು ಟಯರಿನಿಂದ ಶುರುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಅಥವಾ ನಡುಭಾಗದಲ್ಲಿ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಕೆತ್ತಿರುತ್ತಾರೆ, ಅದಕ್ಕಿಂತ ತೆಳುವಾದುದನ್ನು ಲೇತಿಗೆ ಹಾಕಿ ಉಳಿಸುವಂತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 4 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ನಂತರ ಅದರ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದಲೇ ಕಾರು ಓಡಲಿ, ನಿಂತಿರಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಲು ಹೇಳುತ್ತಾರೆ. ಸಿಲಿಕೋನಿನಿಂದ ಮಾಡಿದ ಡಾಟ್ 5 ಅನ್ನು ಇದರೊಂದಿಗೆ ಬೆರೆಸಬಾರದು. ಟಯರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಅಚ್ಚಿನ ತೋಡುಗಳು (ಟ್ರೆಡ್) ಎಷ್ಟೇ ಆಳವಾಗಿ ಉಳಿದಿದ್ದರೂ ಹತ್ತು ವರ್ಷ ದಾಟಿದ ಟಯರನ್ನು ನಂಬಬಾರದು.

ಹೊಸ ಭಾಗ ಹಾಕಿದ ಮೇಲೆ ಚಕ್ರದ ನಟ್‌ಗಳನ್ನು ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು, ಟೈ ರಾಡ್ ಅಥವಾ ತೋಳುಗಳನ್ನು ಮುಟ್ಟಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು. ಬಿಚ್ಚಿದ ಹಳೆಯ ಭಾಗವನ್ನು ಕೂಡಲೇ ಎಸೆಯದೆ ಹೊಸದು ಸರಿಯಾಗಿ ಕೆಲಸ ಮಾಡುವುದು ಖಚಿತವಾಗುವವರೆಗೆ ಇಟ್ಟುಕೊಂಡು, ಅದರ ಮೇಲಿನ ಸಂಖ್ಯೆ, ಅಳತೆ, ಬದಲಾಯಿಸಿದ ದಿನಾಂಕ ಮತ್ತು ಆಗ ಮೀಟರಿನಲ್ಲಿದ್ದ ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಅದೇ ಭಾಗ ಮುಂದೊಮ್ಮೆ ಸವೆದಾಗ ಹುಡುಕಾಟವನ್ನು ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.